ರೈಫಲ್ ಸ್ಕೋಪಿನ ಎಲಿವೇಶನ್ ಮತ್ತು ವಿಂಡೇಜ್ ಹೊಂದಿಸುವುದು ಹೇಗೆ: ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

ಸ್ಕೋಪ್ ಅಳವಡಿಸಿದ ರೈಫಲ್ಲನ್ನು ಗುರಿಗೆ ಹೊಂದಿಸಲು ಕುಳಿತವರು ಹೆಚ್ಚಾಗಿ ಒಂದೇ ರೀತಿಯಲ್ಲಿ ದಾರಿ ತಪ್ಪುತ್ತಾರೆ. ಒಂದು ಗುಂಡು ಹಾರಿಸಿ, ಅದು ಎಡಕ್ಕೆ ಬಿದ್ದಿರುವುದನ್ನು ಕಂಡು ಟರೆಟ್, ಅಂದರೆ ಸ್ಕೋಪಿನ ಮೇಲಿರುವ ಹೊಂದಿಕೆಯ ಗುಬುಟು, ತಿರುಗಿಸುತ್ತಾರೆ. ಎರಡನೆಯದು ಬಲಕ್ಕೆ ಹೋಗಿ ಮೇಲೆ ಬೀಳುತ್ತದೆ, ಮತ್ತೆ ತಿರುಗಿಸುತ್ತಾರೆ. ಮೂರನೆಯದು ಎಲ್ಲಿ ಬಿತ್ತೆಂದೇ ತಿಳಿಯುವುದಿಲ್ಲ. ಪೆಟ್ಟಿಗೆ ಖಾಲಿಯಾಗುವ ಹೊತ್ತಿಗೆ ಭುಜ ನೋಯುತ್ತಿರುತ್ತದೆ, ನಳಿಗೆ ಕಾದಿರುತ್ತದೆ, ಸ್ಕೋಪೇ ಕೆಟ್ಟದ್ದೆಂಬ ತೀರ್ಮಾನ ಮನಸ್ಸಿನಲ್ಲಿ ಕುಳಿತುಬಿಟ್ಟಿರುತ್ತದೆ. ಇಂಥ ಸಂದರ್ಭಗಳಲ್ಲಿ ಸ್ಕೋಪ್ ನಿಜವಾಗಿ ಕೆಟ್ಟಿರುವುದು ಅಪರೂಪ. ಟರೆಟ್ ತಿರುಗಿಸುವುದು ಈ ಕೆಲಸದ ಕೊನೆಯ ಭಾಗ. ಅದಕ್ಕೆ ಮೊದಲು ಮುಗಿಯಬೇಕಾದ ನಾಲ್ಕೈದು ಕೆಲಸಗಳನ್ನು ಬಿಟ್ಟು ನೇರವಾಗಿ ಅದಕ್ಕೇ ಕೈಹಾಕಿದರೆ, ಯಾವ ತಪ್ಪನ್ನು ತಿದ್ದುತ್ತಿದ್ದೇವೆ ಎಂಬುದೇ ತಿಳಿಯದೆ ತಿದ್ದುತ್ತಾ ಹೋಗಬೇಕಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕು. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬಾರದು.

## ಎಲ್ಲಕ್ಕಿಂತ ಮೊದಲು ಸುರಕ್ಷತೆ

ಗುಂಡು ಹಾರಿಸುವ ಭಾಗವನ್ನು ಪರವಾನಗಿ ಇರುವ ಶೂಟಿಂಗ್ ರೇಂಜ್‌ನಲ್ಲಿ, ಅಲ್ಲಿನ ಮೇಲ್ವಿಚಾರಕರ ಸೂಚನೆಯಂತೆ ಮಾತ್ರ ಮಾಡಬೇಕು. ಗುರಿಯ ಹಿಂದೆ ಗುಂಡನ್ನು ತಡೆದು ನಿಲ್ಲಿಸುವಂಥ ಮಣ್ಣಿನ ದಿಬ್ಬ ಇರಲೇಬೇಕು. ಸ್ಕೋಪ್ ಕೂರಿಸುವಾಗ, ಸ್ಕ್ರೂ ಬಿಗಿಯುವಾಗ, ನಳಿಗೆಯೊಳಗೆ ನೋಡುವಾಗ ರೈಫಲ್ ಖಾಲಿಯಿದೆ ಎಂಬುದನ್ನು ಪ್ರತಿ ಸಲವೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಕಾಡತೂಸುಗಳನ್ನು ಆ ಕೆಲಸ ಮಾಡುವ ಮೇಜಿನ ಮೇಲೆ ಇಡಲೇಬಾರದು. ಕಿವಿಗೂ ಕಣ್ಣಿಗೂ ರಕ್ಷಣೆ ಬೇಕು. ಟ್ರಿಗರ್ ಎಳೆದರೂ ಕಾಡತೂಸು ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಶಬ್ದವಾಗಲಿ ಒದೆತವಾಗಲಿ ಎಂದಿಗಿಂತ ದುರ್ಬಲವಾಗಿ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ತೆಗೆದು, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿಲ್ಲವೆಂದು ನೋಡದೆ ಮತ್ತೊಂದನ್ನು ಹಾರಿಸಬಾರದು.

## ಬೇಕಾಗುವ ಸಲಕರಣೆಗಳು

ಸ್ಕ್ರೂಗಳ ತಲೆಗೆ ಸರಿಯಾಗಿ ಕೂರುವ ಅಲೆನ್ ಕೀ ಅಥವಾ ಟಾರ್ಕ್ಸ್ ಬಿಟ್‌ಗಳು, ಅವುಗಳ ಜೊತೆಗೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್, ಒಂದು ಚಿಕ್ಕ ರಸಮಟ್ಟ, ದಾರಕ್ಕೆ ಕಟ್ಟಿದ ತೂಗುಗುಂಡು, ಮುಂದಕ್ಕೊಂದು ಹಿಂದಕ್ಕೊಂದು ಮರಳುಚೀಲ, ಸೆಂಟಿಮೀಟರ್ ಚೌಕಗಳಿರುವ ಗುರಿಹಾಳೆಗಳು, ಅಳತೆಪಟ್ಟಿ, ಪೆನ್ಸಿಲ್ ಮತ್ತು ಒಂದು ಪುಸ್ತಕ. ದೂರದ ರಂಧ್ರಗಳನ್ನು ನೋಡಲು ಸ್ಪಾಟಿಂಗ್ ಸ್ಕೋಪ್ ಇದ್ದರೆ ನಡಿಗೆ ಉಳಿಯುತ್ತದೆ.

ಇವುಗಳಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವುದು ಟಾರ್ಕ್ ಸ್ಕ್ರೂಡ್ರೈವರ್ ಮತ್ತು ಪುಸ್ತಕ. ಈ ಎರಡಿಲ್ಲದೆ ಹೊರಡಬೇಡಿ ಎಂಬುದು ನನ್ನ ಒತ್ತಾಯ. ಇನ್ನೊಂದು ಮಾತು: ಗುಂಡುಗಳೆಲ್ಲ ಒಂದೇ ತಯಾರಿಕೆಯವು, ಒಂದೇ ತೂಕದವು, ಸಾಧ್ಯವಾದರೆ ಒಂದೇ ಲಾಟ್‌ನವು, ಅಂದರೆ ಒಂದೇ ಸಲ ತಯಾರಾದವು, ಆಗಿರಬೇಕು. ಬೇರೆ ತೂಕದ ಗುಂಡು ಬೇರೆ ಜಾಗದಲ್ಲಿ ಬೀಳುತ್ತದೆ. ಮಿಶ್ರ ಕಾಡತೂಸುಗಳಿಂದ ಹೊಂದಿಸಿದ ಸ್ಕೋಪ್ ಯಾವುದಕ್ಕೂ ಹೊಂದಿರುವುದಿಲ್ಲ.

## ಹಂತ 1: ಟರೆಟ್‌ಗಳನ್ನೂ ಒಂದು ಕ್ಲಿಕ್ಕಿನ ಬೆಲೆಯನ್ನೂ ಅರಿತುಕೊಳ್ಳುವುದು

ಸ್ಕೋಪಿನ ಮೇಲ್ಭಾಗದಲ್ಲಿರುವ ಟರೆಟ್ ಎಲಿವೇಶನ್ನಿನದು. ಅದು ಗುಂಡು ಬೀಳುವ ಜಾಗವನ್ನು ಮೇಲೆ ಕೆಳಗೆ ಸರಿಸುತ್ತದೆ. ಪಕ್ಕದಲ್ಲಿರುವುದು, ಸಾಮಾನ್ಯವಾಗಿ ಬಲಗಡೆಯದು, ವಿಂಡೇಜಿನದು; ಅದು ಎಡಕ್ಕೂ ಬಲಕ್ಕೂ ಸರಿಸುತ್ತದೆ. ಎಡಗಡೆ ಮೂರನೆಯದೊಂದಿದ್ದರೆ ಅದು ಪ್ಯಾರಲಾಕ್ಸ್, ಅಂದರೆ ತಲೆ ಆಡಿಸಿದಾಗ ಗುರಿಗೆರೆ ಗುರಿಯ ಮೇಲೆ ಸರಿದಾಡಿದಂತೆ ಕಾಣುವುದನ್ನು, ತಿದ್ದುವ ಗುಬುಟು. ಅದಕ್ಕೂ ಗುಂಡು ಬೀಳುವ ಜಾಗವನ್ನು ಸರಿಸುವುದಕ್ಕೂ ಸಂಬಂಧವಿಲ್ಲ.

ಟರೆಟ್ ಮೇಲಿನ ಬಾಣದ ಗುರುತನ್ನು ತಪ್ಪಾಗಿ ಓದುವುದರಿಂದಲೇ ಅರ್ಧದಷ್ಟು ಗೊಂದಲ ಹುಟ್ಟುತ್ತದೆ. ‘ಅಪ್’ ಎಂದು ಬರೆದ ಬಾಣದ ದಿಕ್ಕಿಗೆ ತಿರುಗಿಸಿದರೆ ಗುಂಡು ಬೀಳುವ ಜಾಗ ಮೇಲಕ್ಕೆ ಹೋಗುತ್ತದೆ. ‘ಆರ್’ ಕಡೆಗೆ ತಿರುಗಿಸಿದರೆ ಬಲಕ್ಕೆ ಹೋಗುತ್ತದೆ. ಅಂದರೆ ಬಾಣ ಹೇಳುವುದು ಗುಂಡಿನ ಮಾತನ್ನು. ಸ್ಕೋಪಿನೊಳಗೆ ಕಾಣುವ ರೆಟಿಕಲ್, ಅಂದರೆ ಗುರಿಗೆರೆ, ಅದಕ್ಕೆ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ರೈಫಲ್ ಅಲುಗದಂತೆ ಇಟ್ಟು ‘ಅಪ್’ ಕಡೆಗೆ ತಿರುಗಿಸಿದರೆ ರೆಟಿಕಲ್ ಗುರಿಹಾಳೆಯ ಮೇಲೆ ಕೆಳಕ್ಕಿಳಿಯುವುದು ಕಾಣುತ್ತದೆ. ಹಾಗೆ ಕೆಳಕ್ಕಿಳಿದ ಗೆರೆಯನ್ನು ಮತ್ತೆ ಗುರಿಯ ನಡುವಿಗೆ ತರಲು ನಾವು ನಳಿಗೆಯನ್ನು ಎತ್ತುತ್ತೇವೆ, ಗುಂಡು ಮೇಲೆ ಹೋಗುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತರೆ ದಿಕ್ಕಿನ ಗೊಂದಲ ಮತ್ತೆ ಬರುವುದಿಲ್ಲ. ಯಾವ ಕಡೆ ತಿರುಗಿಸಿದರೆ ಮೇಲೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಆದ್ದರಿಂದ ಹಿಂದಿನ ಸ್ಕೋಪಿನ ರೂಢಿಯನ್ನು ನಂಬದೆ, ಕೈಯಲ್ಲಿರುವ ಸ್ಕೋಪಿನ ಬಾಣವನ್ನೇ ನೋಡಬೇಕು.

ಇನ್ನು ಕ್ಲಿಕ್ಕಿನ ಬೆಲೆ, ಅಂದರೆ ಟರೆಟ್ ‘ಕ್ಲಿಕ್’ ಎಂದು ಒಂದು ಹೆಜ್ಜೆ ತಿರುಗಿದಾಗ ಗುಂಡು ಬೀಳುವ ಜಾಗ ಎಷ್ಟು ಸರಿಯುತ್ತದೆ ಎಂಬುದು. ಟರೆಟ್ ಮೇಲೆ ಅಥವಾ ಕೈಪಿಡಿಯಲ್ಲಿ ಅದನ್ನು ಬರೆದಿರುತ್ತಾರೆ, ಮತ್ತು ಅದು ಎರಡು ಮಾನಗಳಲ್ಲಿ ಒಂದರಲ್ಲಿರುತ್ತದೆ. ಎಂಒಎ ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದ ಕೋನ. 100 ಮೀಟರ್ ದೂರದಲ್ಲಿ ಅದು ಸುಮಾರು 2.9 ಸೆಂ.ಮೀ. ಅಗಲವಾಗುತ್ತದೆ. ಕಾಲು ಎಂಒಎ ಕ್ಲಿಕ್ ಇರುವ ಸ್ಕೋಪಿನಲ್ಲಿ ಒಂದು ಕ್ಲಿಕ್ 100 ಮೀಟರಿನಲ್ಲಿ ಗುಂಡನ್ನು ಸುಮಾರು 7.3 ಮಿ.ಮೀ. ಸರಿಸುತ್ತದೆ. ಮಿಲ್ ಎಂದರೆ ಒಂದು ರೇಡಿಯನ್ನಿನ 1000ನೇ ಒಂದು ಭಾಗ. 100 ಮೀಟರಿನಲ್ಲಿ ಸರಿಯಾಗಿ 10 ಸೆಂ.ಮೀ. ಇದರ ಕ್ಲಿಕ್ ಸಾಮಾನ್ಯವಾಗಿ 0.1 ಮಿಲ್, ಅಂದರೆ 100 ಮೀಟರಿನಲ್ಲಿ 1 ಸೆಂ.ಮೀ. ಒಂದು ಮಿಲ್‌ಗೆ ಸುಮಾರು 3.44 ಎಂಒಎ.

ಎರಡೂ ಕೋನಗಳೇ ಆದ್ದರಿಂದ ದೂರ ಕಡಿಮೆಯಾದಂತೆ ಕ್ಲಿಕ್ಕಿನ ಬೆಲೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಕಾಲು ಎಂಒಎ ಕ್ಲಿಕ್ 50 ಮೀಟರಿನಲ್ಲಿ 3.6 ಮಿ.ಮೀ., 25 ಮೀಟರಿನಲ್ಲಿ 1.8 ಮಿ.ಮೀ.; 0.1 ಮಿಲ್ ಕ್ಲಿಕ್ 50 ಮೀಟರಿನಲ್ಲಿ 5 ಮಿ.ಮೀ., 25 ಮೀಟರಿನಲ್ಲಿ 2.5 ಮಿ.ಮೀ. ಹತ್ತಿರದಲ್ಲಿ ಹೊಂದಿಸುವವರು ‘ಎಷ್ಟು ತಿರುಗಿಸಿದರೂ ಗುಂಡು ಅಲುಗುವುದೇ ಇಲ್ಲ’ ಎಂದು ದೂರುವುದು ಈ ಲೆಕ್ಕವನ್ನು ಮರೆತಾಗ. ರೇಂಜ್‌ನ ದೂರವನ್ನು ಗಜದಲ್ಲಿ ಗುರುತಿಸಿದ್ದರೆ ಅದನ್ನೂ ಗಮನಿಸಿ. 100 ಗಜ ಎಂದರೆ 91.4 ಮೀಟರ್, ಅಲ್ಲಿ ಒಂದು ಎಂಒಎ 2.66 ಸೆಂ.ಮೀ. ಕೆಲವು ಸ್ಕೋಪ್‌ಗಳಲ್ಲಿ ರೆಟಿಕಲ್ಲಿನ ಗೀಟುಗಳು ಮಿಲ್‌ನಲ್ಲಿದ್ದು ಟರೆಟ್ ಎಂಒಎಯಲ್ಲಿರುತ್ತದೆ. ಅಂಥ ಸ್ಕೋಪಿನಲ್ಲಿ ಗೀಟು ಎಣಿಸಿ ಅಷ್ಟೇ ಸಂಖ್ಯೆಯನ್ನು ಟರೆಟ್‌ಗೆ ಕೊಟ್ಟರೆ ತಿದ್ದುಪಡಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಆಗುತ್ತದೆ.

## ಹಂತ 2: ಸ್ಕೋಪ್ ಭದ್ರವಾಗಿ, ನೆಟ್ಟಗೆ ಕೂತಿದೆಯೇ ಎಂದು ನೋಡುವುದು

ಮೊದಲು ಬೇಸ್ (ರೈಫಲ್ ಮೇಲೆ ಕೂರುವ ತಳಪಟ್ಟಿ), ಆಮೇಲೆ ರಿಂಗ್ (ಸ್ಕೋಪನ್ನು ಹಿಡಿದಿಡುವ ಬಳೆ), ಕೊನೆಗೆ ರಿಂಗಿನ ಮೇಲ್ಮುಚ್ಚಳ. ಬೇಸಿನ ಸ್ಕ್ರೂಗಳು ಸ್ಕೋಪಿನ ಅಡಿಯಲ್ಲಿ ಮರೆಯಾಗಿರುವುದರಿಂದ ಅವುಗಳನ್ನು ಪರೀಕ್ಷಿಸುವವರೇ ಕಡಿಮೆ. ನಾನೇ ಒಮ್ಮೆ ಇಡೀ ಬೆಳಗ್ಗೆ ವಿಂಡೇಜ್ ತಿದ್ದುತ್ತಾ ಕಳೆದು, ಕೊನೆಗೆ ಸ್ಕೋಪ್ ಬಿಚ್ಚಿದಾಗ ಹಿಂದಿನ ಬೇಸ್ ಸ್ಕ್ರೂ ಬೆರಳಿನಿಂದಲೇ ತಿರುಗಿತು. ಆವತ್ತಿನಿಂದ ಹೊಸ ರೈಫಲ್ ಆಗಲಿ, ಅಂಗಡಿಯಲ್ಲೇ ಸ್ಕೋಪ್ ಕೂರಿಸಿ ಕೊಟ್ಟದ್ದಾಗಲಿ, ಒಮ್ಮೆ ಬಿಚ್ಚಿ ನೋಡದೆ ರೇಂಜ್‌ಗೆ ಒಯ್ಯುವುದಿಲ್ಲ.

ಮುಚ್ಚಳದ ಸ್ಕ್ರೂಗಳನ್ನು ಸಡಿಲವಾಗಿಟ್ಟು, ರೈಫಲ್ಲನ್ನು ನೀವು ಗುಂಡು ಹಾರಿಸುವ ಭಂಗಿಯಲ್ಲೇ ಹಿಡಿದು, ಕಣ್ಣು ಮುಚ್ಚಿ ಕೆನ್ನೆಯನ್ನು ಸ್ಟಾಕ್ (ಭುಜಕ್ಕೆ ಆನಿಸುವ ರೈಫಲ್ಲಿನ ಹಿಡಿಭಾಗ) ಮೇಲೆ ಇಟ್ಟು, ನಂತರ ಕಣ್ಣು ತೆರೆಯಿರಿ. ಸ್ಕೋಪಿನ ದೃಶ್ಯ ಸುತ್ತಲೂ ಕಪ್ಪು ಅಂಚಿಲ್ಲದೆ ಪೂರ್ಣವಾಗಿ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಜರುಗಿಸಬೇಕು. ಹೆಚ್ಚಿನ ಸ್ಕೋಪ್‌ಗಳಲ್ಲಿ ಕಣ್ಣಿಗೂ ಹಿಂಬದಿಯ ಮಸೂರಕ್ಕೂ 8ರಿಂದ 10 ಸೆಂ.ಮೀ. ಅಂತರ ಬೇಕಾಗುತ್ತದೆ. ಇದನ್ನು ಗರಿಷ್ಠ ವರ್ಧನೆಯಲ್ಲಿಟ್ಟು ನೋಡಬೇಕು, ಏಕೆಂದರೆ ಕಣ್ಣಿಗೆ ಸಿಗುವ ಜಾಗ ಅಲ್ಲಿಯೇ ಅತಿ ಕಿರಿದು. ಅಂತರ ಕಡಿಮೆಯಾದರೆ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬನ್ನು ಸೀಳುತ್ತದೆ.

ನಂತರ ವಾಲಿಕೆ. ರಸಮಟ್ಟವನ್ನು ಬೇಸಿನ ಸಮತಟ್ಟಾದ ಭಾಗದ ಮೇಲಿಟ್ಟು ರೈಫಲ್ಲನ್ನು ಅಡ್ಡಲಾಗಿ ಮಟ್ಟ ಮಾಡಿ, ಅಲುಗದಂತೆ ನಿಲ್ಲಿಸಿ. 25 ಮೀಟರಿನಷ್ಟು ದೂರದಲ್ಲಿ ತೂಗುಗುಂಡಿನ ದಾರವನ್ನು ಇಳಿಬಿಟ್ಟು, ರೆಟಿಕಲ್ಲಿನ ನಿಂತ ಗೆರೆ ಆ ದಾರದ ಮೇಲೆ ಸರಿಯಾಗಿ ಕೂರುವವರೆಗೆ ಸ್ಕೋಪನ್ನು ರಿಂಗಿನೊಳಗೆ ತಿರುಗಿಸಿ. ಬರೀ ಕಣ್ಣಂದಾಜಿನಿಂದ ಇದನ್ನು ಮಾಡಿದವರಿಗೆ ಎರಡು ಮೂರು ಡಿಗ್ರಿ ವಾಲಿಕೆ ಉಳಿಯುವುದು ಸಹಜ. 3 ಡಿಗ್ರಿ ವಾಲಿದ ಸ್ಕೋಪಿನಲ್ಲಿ 10 ಮಿಲ್ ಎಲಿವೇಶನ್ ಕೊಟ್ಟರೆ ಅದರ ಜೊತೆಗೆ ಸುಮಾರು ಅರ್ಧ ಮಿಲ್ ಪಕ್ಕದ ಸರಿತವೂ ಬಂದು ಸೇರುತ್ತದೆ. ದೂರದಲ್ಲಿ ಗುಂಡು ಸದಾ ಒಂದೇ ಕಡೆ ಬೀಳುತ್ತಿದ್ದರೆ, ಗಾಳಿಯನ್ನು ದೂಷಿಸುವ ಮೊದಲು ಇದನ್ನು ನೆನೆಯಬೇಕು.

ಮುಚ್ಚಳದ ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಎರಡೂ ಬದಿಯ ಸಂದು ಸಮವಾಗಿ ಉಳಿಯುವಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಮುಚ್ಚಳಗಳಿಗೆ 15ರಿಂದ 18 ಇಂಚು-ಪೌಂಡ್, ಅಂದರೆ ಸುಮಾರು 1.7ರಿಂದ 2 ನ್ಯೂಟನ್-ಮೀಟರ್ ಬಿಗಿತ ಸಾಕು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕೈಯ ಬಲವೆಲ್ಲ ಹಾಕಿ ಬಿಗಿದರೆ ಕೊಳವೆ ನಸುವಾಗಿ ತಗ್ಗಿ, ಒಳಗೆ ಎಲಿವೇಶನ್ನಿನ ಚಲನೆಯೇ ಸಿಕ್ಕಿಕೊಳ್ಳಬಹುದು. ಬಿಗಿದ ಬಳಿಕ ರೆಟಿಕಲ್ಲನ್ನು ದಾರದ ಜೊತೆ ಮತ್ತೊಮ್ಮೆ ಹೋಲಿಸಿ ನೋಡಿ. ಬಿಗಿಯುವಾಗ ಸ್ಕೋಪ್ ತಿರುಗಿಬಿಡುವುದು ಬಹಳ ಸಾಮಾನ್ಯ.

## ಹಂತ 3: ಕಣ್ಣಿಗೆ ಹೊಂದಿಸುವುದು

ಹಿಂಬದಿಯ ಮಸೂರದ ಬಳೆ ಇರುವುದು ರೆಟಿಕಲ್ಲನ್ನು ನಿಮ್ಮ ಕಣ್ಣಿಗೆ ಸ್ಪಷ್ಟವಾಗಿಸಲು. ಗುರಿಯನ್ನು ಸ್ಪಷ್ಟವಾಗಿಸಲು ಅಲ್ಲ. ಸ್ಕೋಪನ್ನು ಬರಿಯ ಆಕಾಶ ಅಥವಾ ಬಿಳಿ ಗೋಡೆಯ ಕಡೆ ಹಿಡಿದು, ಎರಡು ಮೂರು ಸೆಕೆಂಡು ಮಾತ್ರ ನೋಡಿ, ಕಣ್ಣು ಬೇರೆಡೆ ಹೊರಳಿಸಿ, ಮತ್ತೆ ನೋಡಿ. ನೋಡಿದ ಮೊದಲ ಕ್ಷಣದಲ್ಲೇ ಗೆರೆಗಳು ಚೂಪಾಗಿ ಕಾಣುವವರೆಗೆ ಬಳೆಯನ್ನು ತಿರುಗಿಸುತ್ತಾ ಬನ್ನಿ. ದಿಟ್ಟಿಸಿ ನೋಡುತ್ತಲೇ ಇದ್ದರೆ ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಸೂರ್ಯನ ದಿಕ್ಕಿಗೆ ಸ್ಕೋಪನ್ನು ಎಂದಿಗೂ ಹಿಡಿಯಬಾರದು.

ಪ್ಯಾರಲಾಕ್ಸ್ ಅದರ ನಂತರದ ಕೆಲಸ. ರೈಫಲ್ ಮರಳುಚೀಲಗಳ ಮೇಲೆ ಅಲುಗದೆ ಕೂತಿರುವಾಗ, ಗುರಿಯನ್ನು ನೋಡುತ್ತಾ ತಲೆಯನ್ನು ಮಾತ್ರ ಸ್ವಲ್ಪ ಎಡಕ್ಕೂ ಬಲಕ್ಕೂ ಆಡಿಸಿ. ರೆಟಿಕಲ್ ಗುರಿಯ ಮೇಲೆ ತೇಲಿದಂತೆ ಸರಿದಾಡಿದರೆ ಪ್ಯಾರಲಾಕ್ಸ್ ಉಳಿದಿದೆ ಎಂದರ್ಥ. ಅದು ನಿಲ್ಲುವವರೆಗೆ ಪಕ್ಕದ ಗುಬುಟನ್ನೋ ಮುಂಬದಿಯ ಬಳೆಯನ್ನೋ ತಿರುಗಿಸಬೇಕು. ಆ ಗುಬುಟಿನ ಮೇಲೆ ಕೆತ್ತಿದ ಅಂಕಿಗಳು ಸುಮಾರಾದವು ಮಾತ್ರ; ಗೆರೆ ನಿಂತದ್ದೇ ಪ್ರಮಾಣ. ಹೊಂದಿಕೆಯ ಸೌಲಭ್ಯವಿಲ್ಲದ ಸ್ಕೋಪ್‌ಗಳನ್ನು ಒಂದು ನಿಗದಿತ ದೂರಕ್ಕೆ, ಹೆಚ್ಚಾಗಿ 100 ಗಜಕ್ಕೆ, ರಿಮ್‌ಫೈರ್‌ಗೆ (ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ ಕಾಡತೂಸಿನ ರೈಫಲ್) ಮಾಡಿದವಾದರೆ ಹೆಚ್ಚಾಗಿ 50 ಗಜಕ್ಕೆ ಕೂರಿಸಿರುತ್ತಾರೆ. ಅವುಗಳಲ್ಲಿ ಬೇರೆ ದೂರಕ್ಕೆ ಹಾರಿಸುವಾಗ ಕಣ್ಣನ್ನು ದೃಶ್ಯದ ನಡುವೆಯೇ ಇಡುವುದೊಂದೇ ದಾರಿ.

## ಹಂತ 4: ನಳಿಗೆಯ ಮೂಲಕ ಮೊದಲ ಹೊಂದಿಕೆ

ಮೊದಲ ಗುಂಡು ಹಾಳೆಗೇ ತಗಲದಿದ್ದರೆ ಯಾವ ಕಡೆ ತಿದ್ದಬೇಕೆಂದೇ ತಿಳಿಯುವುದಿಲ್ಲ. ಅದಕ್ಕಾಗಿ ಬೋರ್ ಸೈಟಿಂಗ್. ಬೋಲ್ಟ್ ಇರುವ ರೈಫಲ್ಲಿನಲ್ಲಿ ಬೋಲ್ಟ್ ಹೊರತೆಗೆದು, ರೈಫಲ್ಲನ್ನು ಮರಳುಚೀಲಗಳಲ್ಲಿ ಹುದುಗಿಸಿ, ಹಿಂದಿನಿಂದ ನಳಿಗೆಯ ಮೂಲಕ ನೋಡಿ. 25 ಮೀಟರ್ ದೂರದ ಗುರಿಯ ಕಪ್ಪು ವೃತ್ತ ನಳಿಗೆಯ ದುಂಡಗಿನ ಬೆಳಕಿನ ನಡುವೆ ಕೂರುವಂತೆ ರೈಫಲ್ಲನ್ನು ಹೊಂದಿಸಿ. ಇನ್ನು ರೈಫಲ್ಲನ್ನು ಮುಟ್ಟದೆ ಟರೆಟ್‌ಗಳನ್ನು ಮಾತ್ರ ತಿರುಗಿಸಿ ರೆಟಿಕಲ್ಲನ್ನು ಅದೇ ವೃತ್ತದ ನಡುವಿಗೆ ತನ್ನಿ.

ಹಂತ 1ರಲ್ಲಿ ಹೇಳಿದ ವಿರುದ್ಧ ಚಲನೆ ಇಲ್ಲಿ ಎದುರಾಗುತ್ತದೆ. ರೆಟಿಕಲ್ ವೃತ್ತಕ್ಕಿಂತ ಮೇಲಿದ್ದರೆ ಅದನ್ನು ಕೆಳಕ್ಕಿಳಿಸಲು ‘ಅಪ್’ ಕಡೆಗೇ ತಿರುಗಿಸಬೇಕು. ವೃತ್ತಕ್ಕಿಂತ ಬಲಕ್ಕಿದ್ದರೆ ಅದನ್ನು ಎಡಕ್ಕೆ ತರಲು ಬಲದ ಕಡೆಗೇ ತಿರುಗಿಸಬೇಕು. ಹತ್ತು ಹದಿನೈದು ಕ್ಲಿಕ್ ತಿರುಗಿಸಿ, ಮತ್ತೆ ನಳಿಗೆಯ ಮೂಲಕ ನೋಡಿ, ರೈಫಲ್ ಸರಿದಿಲ್ಲವೆಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ನಳಿಗೆಯ ಹಿಂದಿನಿಂದ ನೋಡಲಾಗದ ರೈಫಲ್‌ಗಳಿಗೆ ಲೇಸರ್ ಬೋರ್ ಸೈಟರ್ ಬಳಸುತ್ತಾರೆ. ನಳಿಗೆಯ ಬಾಯಿಗಾಗಲಿ ಕಾಡತೂಸು ಕೂರುವ ಕೋಣೆಗಾಗಲಿ ಸಿಕ್ಕಿಸಿದ ಆ ಸಾಧನವನ್ನು ತೆಗೆಯದೆ ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಕೈ ಮುಖಗಳಿಗೆ ಭಾರಿ ಗಾಯವಾಗುತ್ತದೆ. ಅದರ ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟು, ಸಾಧನ ಡಬ್ಬಿಯೊಳಗೆ ಮರಳಿದ್ದನ್ನು ಕಂಡ ಮೇಲೆಯೇ ಕಾಡತೂಸಿನ ಪೆಟ್ಟಿಗೆ ತೆರೆಯುವ ಅಭ್ಯಾಸ ಮಾಡಿಕೊಳ್ಳಿ.

## ಹಂತ 5: 25 ಮೀಟರಿನಲ್ಲಿ ಹಾಳೆಯ ಮೇಲೆ ತರುವುದು

ಇಲ್ಲಿ ಒಂದೆರಡು ಗುಂಡು ಸಾಕು. ರಂಧ್ರ ಗುರಿಬಿಂದುವಿನಿಂದ ಎಷ್ಟು ದೂರವಿದೆ ಎಂದು ಅಳೆದು, 25 ಮೀಟರಿನ ಕ್ಲಿಕ್ ಬೆಲೆಯಿಂದ ಭಾಗಿಸಿ ತಿರುಗಿಸಿ. 2 ಸೆಂ.ಮೀ. ಎಡಕ್ಕೆ ಬಿದ್ದಿದ್ದರೆ ಕಾಲು ಎಂಒಎ ಸ್ಕೋಪಿನಲ್ಲಿ 11 ಕ್ಲಿಕ್, 0.1 ಮಿಲ್ ಸ್ಕೋಪಿನಲ್ಲಿ 8 ಕ್ಲಿಕ್ ಬಲಕ್ಕೆ.

ಎತ್ತರದ ವಿಷಯದಲ್ಲಿ ಮಾತ್ರ ಇಲ್ಲಿಯೇ ಬಿಂದುವಿನ ಮೇಲೆ ಬೀಳಿಸಲು ಹೋಗಬೇಡಿ. ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂ.ಮೀ. ಮೇಲಿರುವುದರಿಂದ ಗುಂಡು ಆರಂಭದಲ್ಲಿ ನೋಟದ ರೇಖೆಯ ಕೆಳಗಿದ್ದು ನಿಧಾನವಾಗಿ ಅದನ್ನು ಸಂಧಿಸುತ್ತದೆ. ವೇಗದ ಸೆಂಟರ್‌ಫೈರ್ (ತಳದ ನಡುವಿಗೆ ಪೆಟ್ಟು ಬಿದ್ದು ಸಿಡಿಯುವ ಕಾಡತೂಸಿನ) ರೈಫಲ್ಲನ್ನು 100 ಮೀಟರಿಗೆ ಹೊಂದಿಸುವುದು ಗುರಿಯಾದರೆ 25 ಮೀಟರಿನಲ್ಲಿ ಗುಂಡು ಬಿಂದುವಿನಿಂದ ಸುಮಾರು 2 ಸೆಂ.ಮೀ. ಕೆಳಗೆ ಬೀಳುವುದೇ ಸರಿ. ಅಲ್ಲಿ ಬಿಂದುವಿಗೇ ಹೊಂದಿಸಿದರೆ 100 ಮೀಟರಿನಲ್ಲಿ ಗುಂಡು 7ರಿಂದ 9 ಸೆಂ.ಮೀ. ಮೇಲೆ ಹೋಗುತ್ತದೆ. .22 ರಿಮ್‌ಫೈರ್ ರೈಫಲ್‌ಗಳ ಗುಂಡು ನಿಧಾನದ್ದು. ಅವುಗಳನ್ನು ಸಾಮಾನ್ಯವಾಗಿ 50 ಮೀಟರಿಗೇ ಹೊಂದಿಸುತ್ತಾರೆ, ಮತ್ತು ಹಾಗೆ ಹೊಂದಿಸಿದ ರೈಫಲ್ 100 ಮೀಟರಿನಲ್ಲಿ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಹೊಡೆಯುತ್ತದೆ.

## ಹಂತ 6: ಗುಂಪು ಹಾರಿಸುವುದು

ಈ ಹಂತದಲ್ಲಿ ಆತುರಪಟ್ಟವರೇ ಹೆಚ್ಚು ಸೋಲುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾವ ರೈಫಲ್ಲೂ ಎಲ್ಲ ಗುಂಡುಗಳನ್ನು ಒಂದೇ ರಂಧ್ರದಲ್ಲಿ ಹಾಕುವುದಿಲ್ಲ. ಅವು ಒಂದು ಹರಹಿನೊಳಗೆ ಚದುರುತ್ತವೆ. 100 ಮೀಟರಿನಲ್ಲಿ 4 ಸೆಂ.ಮೀ. ಹರಹಿರುವ ರೈಫಲ್ಲಿನಿಂದ ಒಂದೇ ಗುಂಡು ಹಾರಿಸಿ, ಅದು 2 ಸೆಂ.ಮೀ. ಎಡಕ್ಕೆ ಬಿತ್ತೆಂದು ತಿದ್ದಿದರೆ, ಸರಿಯಾಗಿಯೇ ಇದ್ದ ಹೊಂದಿಕೆಯನ್ನು ಕೆಡಿಸಿದಂತಾಗಬಹುದು. ಆದ್ದರಿಂದ ಕನಿಷ್ಠ ಮೂರು, ಕೊನೆಯ ತಿದ್ದುಪಡಿಗೆ ಐದು ಗುಂಡುಗಳನ್ನು ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಬೇಕು. ನಡುವೆ ಟರೆಟ್ ಮುಟ್ಟಕೂಡದು. ಮೊದಲ ಗುಂಡು ಎಲ್ಲಿ ಬಿತ್ತೆಂದು ನೋಡಿ ಎರಡನೆಯದಕ್ಕೆ ಗುರಿಯನ್ನು ಸರಿಸುವುದೂ ಕೂಡದು. ಗುರಿಬಿಂದು ಬದಲಾದರೆ ಗುಂಪಿಗೆ ಅರ್ಥವೇ ಉಳಿಯುವುದಿಲ್ಲ.

ಮುಂದಿನ ಮರಳುಚೀಲ ಸ್ಟಾಕಿನ ಮುಂಭಾಗದ ಅಡಿಯಲ್ಲಿರಬೇಕು. ನಳಿಗೆ ನೇರವಾಗಿ ಚೀಲಕ್ಕೋ ಮರಕ್ಕೋ ತಗಲಿದರೆ ಹಾರಿಸುವಾಗಿನ ಕಂಪನ ಬದಲಾಗಿ ಗುಂಡು ಬೇರೆಡೆ ಬೀಳುತ್ತದೆ. ಹಿಂದಿನ ಚೀಲವನ್ನು ಎಡಗೈಯಿಂದ ಅದುಮಿ ಸಡಿಲಿಸಿ ಎತ್ತರ ಹೊಂದಿಸಿ. ಕಣ್ಣು ಮುಚ್ಚಿ ಒಮ್ಮೆ ಉಸಿರುಬಿಟ್ಟು ಮತ್ತೆ ತೆರೆದಾಗಲೂ ರೆಟಿಕಲ್ ಬಿಂದುವಿನ ಮೇಲೇ ಇರಬೇಕು. ಇಲ್ಲದಿದ್ದರೆ ನೀವು ತೋಳಿನ ಬಲದಿಂದ ರೈಫಲ್ಲನ್ನು ಹಿಡಿದಿಟ್ಟಿದ್ದೀರಿ ಎಂದರ್ಥ. ಆಗ ಕುಳಿತ ಭಂಗಿಯನ್ನೇ ಬದಲಿಸಿ. ಉಸಿರು ಅರ್ಧ ಬಿಟ್ಟು, ಟ್ರಿಗರನ್ನು ಒಂದೇ ಸಮನೆ ಒತ್ತುತ್ತಾ ಹೋಗಿ. ಗುಂಡು ಹಾರಿದ ಕ್ಷಣದಲ್ಲಿ ಕೈ ಅದುರಿತೆಂದು ನಿಮಗೇ ಗೊತ್ತಾದರೆ ಆ ರಂಧ್ರವನ್ನು ನೋಡುವ ಮೊದಲೇ ಪುಸ್ತಕದಲ್ಲಿ ಹಾಗೆಂದು ಬರೆದು ಲೆಕ್ಕದಿಂದ ಬಿಡಿ. ನೋಡಿದ ಮೇಲೆ ಬಿಡುವುದು ಪ್ರಾಮಾಣಿಕ ಲೆಕ್ಕವಾಗುವುದಿಲ್ಲ.

ಪ್ರತಿ ಗುಂಪಿನ ನಂತರ ನಳಿಗೆ ಕೈಯಿಟ್ಟರೆ ಆರಾಮವಾಗಿ ತಾಳುವಷ್ಟು ತಣ್ಣಗಾಗುವವರೆಗೆ ಕಾಯಿರಿ. ತೆಳು ನಳಿಗೆಗಳು ಕಾದಂತೆ ಗುಂಡು ಒಂದು ಕಡೆಗೆ ಸಾಲಾಗಿ ಸರಿಯುವುದುಂಟು. ಇನ್ನು ಶುಚಿ ಮಾಡಿದ ಬಳಿಕದ ಮೊದಲ ಗುಂಡು ಎಣ್ಣೆಯ ಪಸೆಯಿಂದ ಬೇರೆಡೆ ಬೀಳಬಹುದು, ಅದನ್ನು ಗುಂಪಿಗೆ ಸೇರಿಸದಿರುವುದು ಒಳ್ಳೆಯದು.

## ಹಂತ 7: ಅಳೆದು, ಲೆಕ್ಕ ಹಾಕಿ, ತಿರುಗಿಸುವುದು

ಗುಂಪಿನ ನಡುಬಿಂದುವನ್ನು ಕಂಡುಹಿಡಿಯಿರಿ. ಮೂರು ರಂಧ್ರಗಳಿದ್ದರೆ ಎರಡರ ನಡುವೆ ಗೆರೆ ಎಳೆದು ಅದರ ಮಧ್ಯ ಗುರುತಿಸಿ. ಅಲ್ಲಿಂದ ಮೂರನೆಯದಕ್ಕೆ ಗೆರೆ ಎಳೆದು, ಮಧ್ಯಬಿಂದುವಿನಿಂದ ಮೂರನೇ ಒಂದು ಭಾಗದಷ್ಟು ಮುಂದೆ ಬಂದರೆ ಅದೇ ನಡುಬಿಂದು. ಐದಿದ್ದರೆ ಪ್ರತಿಯೊಂದರ ಅಡ್ಡ ದೂರ ಮತ್ತು ನಿಂತ ದೂರಗಳನ್ನು ಬೇರೆ ಬೇರೆ ಅಳೆದು ಸರಾಸರಿ ತೆಗೆಯಿರಿ. ಅಡ್ಡ ಮತ್ತು ನಿಂತ ದೂರಗಳನ್ನು ಪ್ರತ್ಯೇಕವಾಗಿಯೇ ಬರೆಯಬೇಕು. ಓರೆಯಾಗಿ ಅಳೆದ ಒಂದೇ ಸಂಖ್ಯೆಯಿಂದ ಎರಡು ಟರೆಟ್‌ಗಳಿಗೆ ಲೆಕ್ಕ ಸಿಗುವುದಿಲ್ಲ.

ಉದಾಹರಣೆಗೆ, 100 ಮೀಟರಿನಲ್ಲಿ ನಡುಬಿಂದು 6 ಸೆಂ.ಮೀ. ಕೆಳಗೆ, 4 ಸೆಂ.ಮೀ. ಬಲಕ್ಕೆ ಇದೆ ಎಂದುಕೊಳ್ಳೋಣ. 0.1 ಮಿಲ್ ಸ್ಕೋಪಿನಲ್ಲಿ 6 ಕ್ಲಿಕ್ ಮೇಲೆ, 4 ಕ್ಲಿಕ್ ಎಡಕ್ಕೆ. ಕಾಲು ಎಂಒಎ ಸ್ಕೋಪಿನಲ್ಲಿ 60ನ್ನು 7.3ರಿಂದ ಭಾಗಿಸಿದರೆ 8.2, ಅಂದರೆ 8 ಕ್ಲಿಕ್ ಮೇಲೆ. 40ನ್ನು ಭಾಗಿಸಿದರೆ 5.5, ಅಲ್ಲಿ 5 ಅಥವಾ 6 ಕ್ಲಿಕ್ ಎಡಕ್ಕೆ. ಇಂಥ ಅರ್ಧ ಕ್ಲಿಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದು ನಿಮ್ಮ ಗುಂಪಿನ ಹರಹಿಗಿಂತ ಎಷ್ಟೋ ಚಿಕ್ಕದು.

ತಿರುಗಿಸುವ ಮೊದಲು ದಿಕ್ಕನ್ನು ಪುಸ್ತಕದಲ್ಲಿ ಬರೆಯಿರಿ: ‘ಗುಂಡು ಕೆಳಗೆ, ಬಲಕ್ಕೆ; ಬೇಕಾದದ್ದು ಮೇಲೆ, ಎಡಕ್ಕೆ’. ಕ್ಲಿಕ್ಕುಗಳನ್ನು ಕಿವಿಯಿಂದ ಎಣಿಸುವುದರ ಜೊತೆಗೆ ಟರೆಟ್ ಮೇಲಿನ ಅಳತೆಗೀಟನ್ನೂ ನೋಡಿ. ಕಿವಿಗೆ ರಕ್ಷಣೆ ಹಾಕಿಕೊಂಡವರಿಗೆ ಕ್ಲಿಕ್ ಕೇಳಿಸದೆ ಒಂದೆರಡು ತಪ್ಪಿಹೋಗುತ್ತವೆ. ಕಾಲು ಎಂಒಎ ಟರೆಟ್‌ನಲ್ಲಿ ಒಂದು ದೊಡ್ಡ ಅಂಕಿಯಿಂದ ಮುಂದಿನದಕ್ಕೆ ನಾಲ್ಕು ಕ್ಲಿಕ್, 0.1 ಮಿಲ್‌ನದರಲ್ಲಿ ಹತ್ತು. ಹಳೆಯ ಅಥವಾ ಅಗ್ಗದ ಸ್ಕೋಪ್‌ಗಳಲ್ಲಿ ಒಳಗಿನ ಸ್ಪ್ರಿಂಗ್ ತಡವಾಗಿ ಸ್ಪಂದಿಸುವುದುಂಟು. ಅವುಗಳಲ್ಲಿ ಬೇಕಾದದ್ದಕ್ಕಿಂತ ಎರಡು ಮೂರು ಕ್ಲಿಕ್ ಹೆಚ್ಚಾಗಿ ಹೋಗಿ ಹಿಂದಕ್ಕೆ ಬಂದು ನಿಲ್ಲಿಸಿದರೆ ರೆಟಿಕಲ್ ನೆಲೆಗೊಳ್ಳುತ್ತದೆ.

ಎಲಿವೇಶನ್ ಮತ್ತು ವಿಂಡೇಜ್ ಎರಡನ್ನೂ ಒಂದೇ ಸಲ ತಿದ್ದಬಹುದು. ಆದರೂ ಹೊಸಬರು ಮೊದಲ ಸಲ ಒಂದನ್ನು ತಿದ್ದಿ, ಗುಂಪು ಹಾರಿಸಿ, ಆಮೇಲೆ ಇನ್ನೊಂದಕ್ಕೆ ಹೋಗುವುದೇ ಮೇಲು ಎಂದು ನನಗನ್ನಿಸುತ್ತದೆ. ಮೂರು ಕಾಡತೂಸು ಹೆಚ್ಚು ಖರ್ಚಾದರೂ ದಿಕ್ಕು ತಪ್ಪಿದ್ದರೆ ಯಾವುದು ತಪ್ಪಿತೆಂದು ತಕ್ಷಣ ಗೊತ್ತಾಗುತ್ತದೆ.

## ಹಂತ 8: ಖಚಿತಪಡಿಸಿ ಸೊನ್ನೆ ಕೂರಿಸುವುದು

ತಿದ್ದಿದ ಬಳಿಕ ಐದು ಗುಂಡಿನ ಹೊಸ ಗುಂಪು ಹಾರಿಸಿ. ನಡುಬಿಂದು ಗುರಿಬಿಂದುವಿನಿಂದ ಒಂದು ಕ್ಲಿಕ್ಕಿನ ಆಸುಪಾಸಿನಲ್ಲಿದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಚೊಕ್ಕ ಮಾಡುವ ಆಸೆಯಿಂದ ಮುಂದುವರಿದವರು ಸಾಮಾನ್ಯವಾಗಿ ಹರಹನ್ನೇ ಬೆನ್ನಟ್ಟುತ್ತಿರುತ್ತಾರೆ.

ಟರೆಟ್ ಮೇಲಿನ ಅಂಕಿಯ ಬಳೆಯನ್ನು ಈಗ ಸೊನ್ನೆಗೆ ತರಬೇಕು. ಹೆಚ್ಚಿನವುಗಳಲ್ಲಿ ಮೇಲಿನ ಅಥವಾ ಪಕ್ಕದ ಚಿಕ್ಕ ಸ್ಕ್ರೂಗಳನ್ನು ಸಡಿಲಿಸಿ ಬಳೆಯನ್ನು ಮಾತ್ರ ತಿರುಗಿಸಬಹುದು. ಕ್ಲಿಕ್ ಶಬ್ದ ಬಂದರೆ ಒಳಗಿನ ಹೊಂದಿಕೆಯೂ ಸರಿಯುತ್ತಿದೆ ಎಂದರ್ಥ, ತಕ್ಷಣ ನಿಲ್ಲಿಸಿ. ಸ್ಕ್ರೂ ಬಿಗಿದ ಮೇಲೆ ಒಂದು ಗುಂಡು ಹಾರಿಸಿ ಹೊಂದಿಕೆ ಕದಲಿಲ್ಲವೆಂದು ನೋಡಿ, ಮುಚ್ಚಳವಿದ್ದರೆ ಹಾಕಿ.

ಈ ಕೆಲಸಕ್ಕೆ ಗಾಳಿ ಇಲ್ಲದ ಹೊತ್ತನ್ನೇ ಆರಿಸಿಕೊಳ್ಳಬೇಕು. ಬೆಳಗಿನ ಜಾವ ಹೆಚ್ಚಾಗಿ ಶಾಂತವಾಗಿರುತ್ತದೆ. ಸೆಕೆಂಡಿಗೆ 4–5 ಮೀಟರ್ ವೇಗದ ಅಡ್ಡಗಾಳಿ .22 ರಿಮ್‌ಫೈರ್ ಗುಂಡನ್ನು 50 ಮೀಟರಿನಲ್ಲೇ 2–3 ಸೆಂ.ಮೀ. ತಳ್ಳುತ್ತದೆ. ಆ ತಳ್ಳನ್ನು ವಿಂಡೇಜಿಗೆ ಸೇರಿಸಿ ಸೊನ್ನೆ ಕೂರಿಸಿದರೆ, ಮರುದಿನ ಗಾಳಿ ನಿಂತಾಗ ರೈಫಲ್ ಇನ್ನೊಂದು ಕಡೆ ಹೊಡೆಯುತ್ತದೆ.

## ಹಂತ 9: ಟರೆಟ್ ಹೇಳಿದಷ್ಟೇ ಸರಿಯುತ್ತದೆಯೇ ಎಂಬ ಪರೀಕ್ಷೆ

ದೂರಕ್ಕೆ ತಕ್ಕಂತೆ ಟರೆಟ್ ತಿರುಗಿಸುವ ಉದ್ದೇಶವಿದ್ದರೆ ಇದನ್ನು ಬಿಡಬೇಡಿ. ದೊಡ್ಡ ಹಾಳೆಯ ನಡುವಿನ ಬಿಂದುವಿಗೆ ಗುರಿಯಿಟ್ಟು ಮೊದಲ ಗುಂಪು ಹಾರಿಸಿ. ನಂತರ 20 ಕ್ಲಿಕ್ ಬಲಕ್ಕೆ, ಮುಂದೆ 20 ಮೇಲೆ, ಮುಂದೆ 20 ಎಡಕ್ಕೆ, ಕೊನೆಗೆ 20 ಕೆಳಗೆ ತಿರುಗಿಸುತ್ತಾ ಪ್ರತಿ ನಿಲುಗಡೆಯಲ್ಲೂ ಅದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿ. ರಂಧ್ರಗಳು ಚೌಕವಾಗಿ ಕೂತು ಕೊನೆಯದು ಮೊದಲಿನದರ ಮೇಲೆಯೇ ಬರಬೇಕು. 100 ಮೀಟರಿನಲ್ಲಿ ಚೌಕದ ಬದಿ 0.1 ಮಿಲ್ ಸ್ಕೋಪಿನಲ್ಲಿ 20 ಸೆಂ.ಮೀ., ಕಾಲು ಎಂಒಎ ಸ್ಕೋಪಿನಲ್ಲಿ ಸುಮಾರು 14.5 ಸೆಂ.ಮೀ. ಇರಬೇಕು. ಚೌಕ ಇಡಿಯಾಗಿ ಓರೆಯಾಗಿದ್ದರೆ ಹಂತ 2ರ ವಾಲಿಕೆ ಉಳಿದಿದೆ. ಬದಿಗಳ ಉದ್ದ ಗುಂಪಿನ ಹರಹನ್ನು ಮೀರಿ ತಪ್ಪಾಗಿದ್ದರೆ, ಅಥವಾ ಕೊನೆಯ ಗುಂಪು ಮೊದಲಿನದಕ್ಕೆ ಮರಳದಿದ್ದರೆ ದೋಷ ಸ್ಕೋಪಿನಲ್ಲಿದೆ.

## ಹಂತ 10: ಬೇರೆ ದೂರಗಳಿಗೆ

ಸೊನ್ನೆ ಕೂತ ಮೇಲೆ ಉಳಿದದ್ದು ಅಳತೆ ಮತ್ತು ದಾಖಲೆ. 200 ಮೀಟರಿನಲ್ಲಿ ಗುಂಪು 12 ಸೆಂ.ಮೀ. ಕೆಳಗೆ ಬಿದ್ದರೆ, ಅಲ್ಲಿ 0.1 ಮಿಲ್ ಕ್ಲಿಕ್ಕಿನ ಬೆಲೆ 2 ಸೆಂ.ಮೀ. ಆದ್ದರಿಂದ 6 ಕ್ಲಿಕ್ ಮೇಲೆ. ಆ ಸಂಖ್ಯೆಯನ್ನು ದೂರ, ಕಾಡತೂಸು ಮತ್ತು ಹವೆಯ ವಿವರದೊಡನೆ ಬರೆದಿಟ್ಟು, ಮುಗಿದ ಬಳಿಕ ಟರೆಟ್‌ನ್ನು ಸೊನ್ನೆಗೆ ಮರಳಿಸಿ. ಮರಳಿಸುವಾಗ ಒಂದು ಪೂರ್ತಿ ಸುತ್ತು ತಪ್ಪಿಹೋಗುವ ಅಪಾಯವಿದೆ. ಬಳೆಯ ಮೇಲೆ ಸೊನ್ನೆಯೇ ಕಂಡರೂ ಸುತ್ತು ಬೇರೆಯಾಗಿರಬಹುದು. ಬಳೆಯ ಅಡಿಯ ಸುತ್ತುಗೀಟುಗಳನ್ನು ನೋಡಿಕೊಳ್ಳಿ.

ರೆಟಿಕಲ್ಲಿನ ಗೀಟುಗಳಿಂದ ಅಳೆಯುವವರಿಗೆ ಒಂದು ಎಚ್ಚರ. ವರ್ಧನೆ ಬದಲಿಸಿದಾಗ ರೆಟಿಕಲ್ ದೊಡ್ಡದಾಗದೆ ಇದ್ದಷ್ಟೇ ಕಾಣುವ ಸ್ಕೋಪ್‌ಗಳಲ್ಲಿ ಗೀಟುಗಳ ಅಳತೆ ಒಂದು ವರ್ಧನೆಯಲ್ಲಿ, ಹೆಚ್ಚಾಗಿ ಗರಿಷ್ಠದಲ್ಲಿ, ಮಾತ್ರ ಸರಿ. ಕ್ಲಿಕ್ಕಿನ ಬೆಲೆ ಮಾತ್ರ ಯಾವ ವರ್ಧನೆಯಲ್ಲೂ ಬದಲಾಗುವುದಿಲ್ಲ.

## ಎಚ್ಚರಿಕೆಯ ಸೂಚನೆಗಳು

ಗುಂಪು ಇದ್ದಕ್ಕಿದ್ದಂತೆ ಹರಡಿಕೊಂಡರೆ ಅಥವಾ ಎರಡು ಬೇರೆ ಗುಂಪುಗಳಾಗಿ ಒಡೆದರೆ ಟರೆಟ್ ಮುಟ್ಟದೆ ಮೊದಲು ಬೇಸ್, ರಿಂಗ್ ಮತ್ತು ಸ್ಟಾಕಿನ ಸ್ಕ್ರೂಗಳನ್ನು ಪರೀಕ್ಷಿಸಿ. ರಿಂಗಿನ ಅಂಚಿನಲ್ಲಿ ಸ್ಕೋಪಿನ ಕೊಳವೆಯ ಮೇಲೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದಿಟ್ಟಿದ್ದರೆ ಸ್ಕೋಪ್ ಜಾರಿದ್ದು ಒಂದೇ ನೋಟಕ್ಕೆ ಕಾಣುತ್ತದೆ.

ಟರೆಟ್ ಕೊನೆ ಮುಟ್ಟಿ ನಿಂತರೂ ಗುಂಡು ಗುರಿಗೆ ಬರದಿದ್ದರೆ ಬಲವಂತ ಮಾಡಬಾರದು. ಬೇಸ್ ಓರೆಯಾಗಿರಬಹುದು, ಮುಂದಿನದು ಹಿಂದೆ ಹಿಂದಿನದು ಮುಂದೆ ಅದಲುಬದಲಾಗಿರಬಹುದು. ಟರೆಟ್‌ನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ತಿರುಗಿಸಿ ಒಟ್ಟು ಕ್ಲಿಕ್ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ, ಹಂತ 2ರಿಂದ ಮತ್ತೆ ಆರಂಭಿಸಿ. ವಿಂಡೇಜ್ ತನ್ನ ನಡುವಿನಿಂದ ಬಹಳ ದೂರ ಹೋಗಬೇಕಾಗಿ ಬಂದರೆ ತಪ್ಪು ಬಹುತೇಕ ಬೇಸಿನಲ್ಲಿಯೇ ಇರುತ್ತದೆ. ಬಹುದೂರದ ಗುರಿಗೆ ಎಲಿವೇಶನ್ ಸಾಲದಿದ್ದರೆ 20 ಎಂಒಎ ಇಳಿಜಾರಿರುವ ಬೇಸ್ ಹಾಕಿಸುವುದು ಸರಿಯಾದ ಪರಿಹಾರ.

ಕ್ಲಿಕ್ಕುಗಳು ಮೆದುವಾಗಿ, ಒಂದಕ್ಕೊಂದು ವ್ಯತ್ಯಾಸವೇ ತಿಳಿಯದಂತೆ ತಿರುಗಿದರೆ, ಮಸೂರದ ಒಳಗಡೆ ಮಂಜು ಕಟ್ಟಿದರೆ, ಸ್ಕೋಪನ್ನು ಮೆಲ್ಲಗೆ ಅಲುಗಿಸಿದಾಗ ಒಳಗೆ ಏನೋ ಆಡಿದ ಸದ್ದಾದರೆ ಅದನ್ನು ತಯಾರಕರಿಗೆ ಕಳಿಸಬೇಕು. ಮನೆಯಲ್ಲಿ ಬಿಚ್ಚಿದರೆ ಒಳಗೆ ತುಂಬಿದ ಒಣ ಅನಿಲ ಹೊರಹೋಗುತ್ತದೆ. ಸ್ಪ್ರಿಂಗ್ ಇರುವ ಏರ್ ರೈಫಲ್‌ಗಳ ಒದೆತ ಹಿಂದಕ್ಕೂ ಮುಂದಕ್ಕೂ ಎರಡು ಬಾರಿ ಬರುವುದರಿಂದ ಅದಕ್ಕೆಂದೇ ಮಾಡದ ಸ್ಕೋಪ್ ಅವುಗಳ ಮೇಲೆ ಬೇಗ ಕೆಡುತ್ತದೆ.

ರೈಫಲ್ ಬಿದ್ದರೆ, ದೂರ ಸಾಗಿಸಿದರೆ, ಸ್ಟಾಕ್ ಬಿಚ್ಚಿ ಹಾಕಿದರೆ, ಕಾಡತೂಸಿನ ಲಾಟ್ ಬದಲಾದರೆ ತಣ್ಣಗಿನ ನಳಿಗೆಯಿಂದ ಮೂರು ಗುಂಡು ಹಾರಿಸಿ ಹಳೆಯ ಗುಂಪಿನ ಹಾಳೆಯ ಜೊತೆ ಹೋಲಿಸಿ ನೋಡಿ. ವ್ಯತ್ಯಾಸ ಎರಡು ಕ್ಲಿಕ್ಕಿಗಿಂತ ಹೆಚ್ಚಿದ್ದರೆ ಮೊದಲು ಟಾರ್ಕ್ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ, ಟರೆಟ್ ಆಮೇಲೆ.